ಮುಳುಗಿದವನಿಗೆ ಚಳಿಯೇನು

2022ರ ಜೂನ್ ತಿಂಗಳ ಕೊನೆಯ ವಾರ ಮಂಜೇಶ್ವರದಿಂದ ನಾವು ನಾಲ್ಕು ಮಂದಿ ಹಡಗು ನೋಡಲು ಹೋದೆವು. ತಲಪಾಡಿ ಗಡಿ ದಾಟಿದರೆ ಉಚ್ಚಿಲ, ಬಟ್ಟಪ್ಪಾಡಿ, ದೂರವೇನಲ್ಲ. ಚೀನಾದ ತಿಯಾಂಜಿನ್‌ನಿಂದ ಲೆಬನಾನಿಗೆ ಸುಮಾರು ಎಂಟು ಸಾವಿರ ಟನ್ ಉಕ್ಕಿನ ಸುರುಳಿ ಹೊತ್ತುಕೊಂಡು ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಉಳ್ಳಾಲದ ಹತ್ತಿರ ನೀರು ನುಗ್ಗಿ ಕೂತುಬಿಟ್ಟಿತ್ತು. ಅದರಲ್ಲಿದ್ದ ಹದಿನೈದು ಮಂದಿ ಸಿರಿಯಾದವರನ್ನು ಕರಾವಳಿ ಕಾವಲು ಪಡೆಯವರು ಜೀವಸಹಿತ ಇಳಿಸಿಕೊಂಡಿದ್ದರು. ಹಾಗಾಗಿ ನೋಡಲು ಬಂದವರಿಗೆ ಮನಸ್ಸಿನ ಭಾರವಿರಲಿಲ್ಲ. ಮಳೆ ಬಡಿಯುತ್ತಿತ್ತು, ಕೊಡೆಗಳು ಹಿಂದಕ್ಕೆ ಮಗುಚುತ್ತಿದ್ದವು, ಒಬ್ಬಾತ ಟಾರ್ಪಾಲಿನ ಅಡಿಯಲ್ಲಿ ಚರುಮುರಿ ಕಲಸುತ್ತಿದ್ದ. ಆಚೆ, ಬೂದುಬಣ್ಣದ ನೀರಿನಲ್ಲಿ, ಹಡಗು ಒಂದು ಮಗ್ಗುಲಿಗೆ ವಾಲಿ, ಮಲಗಬೇಕೋ ಏಳಬೇಕೋ ಎಂದು ತಿಳಿಯದ ದನದ ಹಾಗೆ ಕಾಣುತ್ತಿತ್ತು.

“ಇನ್ನು ಹತ್ತು ವರ್ಷ ಹೋಗಲಿ, ಇಲ್ಲಿ ಸ್ಕೂಬಾ ಮಾಡಿಸುತ್ತಾರೆ ನೋಡಿ,” ಅಂದ ನಮ್ಮ ಜೊತೆಗಿದ್ದ ಹುಡುಗ. ನಾವು ನಕ್ಕೆವು. ನಮ್ಮನ್ನು ಕರೆತಂದಿದ್ದ ನೆರೆಮನೆಯ ಮೊಗವೀರ ಅಣ್ಣ ಮಾತ್ರ ನಗಲಿಲ್ಲ. “ಬಲೆ ಎಲ್ಲಿಂದ ಎಲ್ಲಿಯವರೆಗೆ ಬಿಡಬಾರದು ಅಂತ ಯಾರು ಹೇಳುತ್ತಾರೆ ಈಗ?” ಅಂದರು. ಆಮೇಲೆ ಸುಮ್ಮನಾದರು.

ಹುಡುಗನ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಹತ್ತು ವರ್ಷ ಅಂದನಲ್ಲ, ಅದು ಯಾವ ಲೆಕ್ಕ? ಒಂದು ಮುಳುಗಡೆ ನೋಟವಾಗಿ ಮಾರ್ಪಡಲು ಎಷ್ಟು ವರ್ಷ ಬೇಕು?

ನಮ್ಮ ಭಾಷೆಯಲ್ಲಿ ಮುಳುಗುವುದು ಎಂದರೆ ಕೆಟ್ಟದ್ದೇ. ಸಾಲದಲ್ಲಿ ಮುಳುಗುತ್ತಾರೆ, ಬ್ಯಾಂಕು ಮುಳುಗುತ್ತದೆ, ‘ಮನೆ ಮುಳುಗಿಸಿದ’ ಎಂದು ಶಾಪ ಹಾಕುತ್ತಾರೆ. ಆದರೆ ತೀರ್ಥದಲ್ಲಿ ಮೂರು ಮುಳುಗು ಹಾಕಿ ಎದ್ದರೆ ಪುಣ್ಯ. ಎರಡಕ್ಕೂ ವ್ಯತ್ಯಾಸ ಒಂದೇ, ಏಳುವುದು. ಎದ್ದರೆ ಸ್ನಾನ, ಏಳದಿದ್ದರೆ ಸಾವು. ದುಡ್ಡು ಕೊಟ್ಟು, ಮುಕ್ಕಾಲು ಗಂಟೆ ಮುಳುಗಿದ್ದು, ಏಳದೆ ಉಳಿದ ಒಂದನ್ನು ನೋಡಿಕೊಂಡು ಎದ್ದುಬರುವ ಈ ಮೂರನೆಯ ಬಗೆಗೆ ನಮ್ಮಲ್ಲಿ ಇನ್ನೂ ಕ್ರಿಯಾಪದ ಹುಟ್ಟಿಲ್ಲ. ‘ಸ್ಕೂಬಾ ಮಾಡುವುದು’ ಎನ್ನುತ್ತೇವೆ, ಉಪ್ಪಿಟ್ಟು ಮಾಡಿದ ಹಾಗೆ.

ಎರಡು ವರ್ಷ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ, ನಾನೇ ಅದನ್ನು ಮಾಡಲು ಹೋದೆ. ನಿವೃತ್ತಿಯಾದ ಮಾಷ್ಟ್ರಿಗೆ ಇದೆಂಥ ಹುಚ್ಚು ಎಂದು ಮನೆಯಲ್ಲಿ ಕೇಳಿದರು, ಉತ್ತರ ಇರಲಿಲ್ಲ. ಕಾಸರಗೋಡಿನ ಕಡಲು ಈ ಆಟಕ್ಕೆ ಒದಗುವಂಥದ್ದಲ್ಲ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಹೊಳೆಗಳು ಸಾಲಾಗಿ ಬಂದು ಸೇರುವ ಕರೆ ಇದು. ತಳ ಮರಳು ಮತ್ತು ಕೆಸರು, ನೀರು ಚಹಾದ ಬಣ್ಣ. ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆಗಿರುವ ನೇತ್ರಾಣಿಯಲ್ಲಿ ನೀರು ತಿಳಿ, ಹವಳವೂ ಉಂಟು. ನನಗೆ ಬೇಕಾದದ್ದು ಹಡಗು. ಹೊಸಬರನ್ನೂ ಇಳಿಸುವ, ಆಳವಿಲ್ಲದ ಹಡಗು ಗೋವದ ಗ್ರಾಂಡೆ ದ್ವೀಪದ ಹತ್ತಿರ ಉಂಟು. ಡೈವಿಂಗಿನವರು ಅದನ್ನು ‘ಸೂಜೀಸ್ ರೆಕ್’ ಎನ್ನುತ್ತಾರೆ. ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಮಡಗಾಂವ್. ಡೈವ್ ಆದ ಕೂಡಲೇ ವಿಮಾನ ಹತ್ತಬಾರದಂತೆ, ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯೇಳುವ ಭಯ. ರೈಲಿನವನಿಗೆ ಆ ಚಿಂತೆಯಿಲ್ಲ. ನಿವೃತ್ತಿವೇತನ ಒಮ್ಮೊಮ್ಮೆ ಆರೋಗ್ಯಕ್ಕೂ ಒಳ್ಳೆಯದು.

ಗ್ರಾಂಡೆ ದ್ವೀಪಕ್ಕೆ ಹೋಗುವ ದೋಣಿಯಿಂದ ಮುರ್ಮಗೋವಾ ಬಂದರಿನ ಕ್ರೇನುಗಳು ಕಾಣುತ್ತವೆ. ಅದನ್ನು ನೋಡುತ್ತಲೇ ನನಗೆ ‘ಕೈರಳಿ’ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಉಬ್ಬಸ ಉಂಟೇ, ಎದೆನೋವು ಉಂಟೇ, ಕಿವಿ ಸೋರುತ್ತದೆಯೇ. ಆಮೇಲೆ ಸಿಲಿಂಡರು. ಪತ್ರಿಕೆಗಳಲ್ಲಿ ನಾವು ತಪ್ಪದೆ ‘ಆಮ್ಲಜನಕದ ಸಿಲಿಂಡರ್’ ಎಂದು ಬರೆಯುತ್ತೇವೆ. ಅದರಲ್ಲಿರುವುದು ಇದೇ ಗಾಳಿ, ಬಸ್‌ಸ್ಟ್ಯಾಂಡಿನಲ್ಲಿ ನಾವು ಉಸಿರಾಡುವ ಅದೇ ಗಾಳಿ; ಇನ್ನೂರು ಪಟ್ಟು ಒತ್ತಿ ತುಂಬಿದ್ದು, ಅಷ್ಟೇ. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ 2400 ಲೀಟರಿನಷ್ಟು ಗಾಳಿ ಹಿಡಿಯುತ್ತದೆ. ಹುಟ್ಟಿದಂದಿನಿಂದ ಲೆಕ್ಕವಿಲ್ಲದೆ ಬಳಸಿದ ವಸ್ತುವನ್ನು ಯಾರೋ ಅಳೆದು, ಬೆನ್ನಿಗೆ ಕಟ್ಟಿ, ಎಷ್ಟು ಉಳಿಯಿತು ಎಂದು ತೋರಿಸಲು ಒಂದು ಮುಳ್ಳನ್ನೂ ಕೊಟ್ಟರೆ ಮನುಷ್ಯನಿಗೆ ಏನಾಗುತ್ತದೋ ನನಗೂ ಅದೇ ಆಯಿತು. ದೋಣಿಯ ಅಂಚಿನಲ್ಲಿ ಕೂತೇ ಗಬಗಬನೆ ಉಸಿರೆಳೆಯತೊಡಗಿದೆ.

“ಉಸಿರು ಕಟ್ಟಬೇಡಿ ಸರ್,” ಅಂದ ಕಲಿಸುವ ಹುಡುಗ. ಕಾರವಾರದ ಕಡೆಯವನು, ನನ್ನ ಕೊನೆಯ ಬ್ಯಾಚಿನ ಮಕ್ಕಳ ವಯಸ್ಸು. “ಬೇರೆಲ್ಲ ಮರೆತರೂ ನಾನಿದ್ದೇನೆ. ಇದೊಂದು ಮಾತ್ರ ನಿಮಗಾಗಿ ನಾನು ಮಾಡಲಿಕ್ಕೆ ಆಗುವುದಿಲ್ಲ.”

ನನಗೆ ಇದು ತಿರುಗುಮುರುಗಾಗಿ ಕಂಡಿತು. ನೀರು ಕಂಡರೆ ಉಸಿರು ಬಿಗಿಹಿಡಿಯುವುದು ದೇಹ ತಾನಾಗಿ ಕಲಿತ ಪಾಠ. ಕೆರೆಗೆ ಧುಮುಕುವ ಪೋರನಿಂದ ಹಿಡಿದು ಸಂಧ್ಯಾವಂದನೆಯಲ್ಲಿ ಮೂಗು ಹಿಡಿಯುವ ಭಟ್ಟರವರೆಗೆ, ನಮ್ಮಲ್ಲಿ ಉಸಿರಿನ ಮೇಲಿನ ಹಿಡಿತ ಎಂದರೆ ಉಸಿರನ್ನು ನಿಲ್ಲಿಸುವುದು. ಇಲ್ಲಿ ಕುಂಭಕ ನಿಷಿದ್ಧ. ಕಾರಣ ಸರಳ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟು; ಆ ಒತ್ತಡದಲ್ಲಿ ಎಳೆದುಕೊಂಡ ಗಾಳಿ, ಮೇಲೆ ಬರುತ್ತಾ ಎರಡು ಪಟ್ಟು ಹಿಗ್ಗುತ್ತದೆ. ಹಿಡಿದಿಟ್ಟುಕೊಂಡವನ ಶ್ವಾಸಕೋಶ ಹರಿಯುತ್ತದೆ.

ಇದರಲ್ಲಿ ಇನ್ನೊಂದು ಲೆಕ್ಕ ಅಡಗಿದೆ, ನನಗೆ ಅದೇ ಹೆಚ್ಚು ಹಿಡಿಸಿದ್ದು. ಮೇಲಿನಿಂದ ಹತ್ತು ಮೀಟರಿಗೆ ಇಳಿದಾಗ ಒತ್ತಡ ಇಮ್ಮಡಿಯಾಗುತ್ತದೆ. ಇಪ್ಪತ್ತರಿಂದ ಮೂವತ್ತಕ್ಕೆ ಇಳಿದರೆ ಮೂರು ಇದ್ದದ್ದು ನಾಲ್ಕು. ಅಂದರೆ ಅತಿ ದೊಡ್ಡ ಬದಲಾವಣೆ ಇರುವುದು ಆಳದಲ್ಲಲ್ಲ, ಮೇಲಿನ ಆ ಮೊದಲ ಕೆಲವು ಮಾರುಗಳಲ್ಲಿ. ‘ಆಳವಿಲ್ಲ’ ಎಂಬುದನ್ನು ನಾವು ಬೈಗುಳವಾಗಿ ಬಳಸುತ್ತೇವೆ. ಆಳವಿಲ್ಲದ ಕವಿತೆ, ಆಳವಿಲ್ಲದ ಮನುಷ್ಯ. ಕಿವಿ ಮಾತ್ರ ಬೇರೆ ಹೇಳುತ್ತದೆ. ಎರಡು ಮೀಟರಿನಲ್ಲೇ ಅದು ಕಿರುಚಿತು. ಮೂಗು ಒತ್ತಿಹಿಡಿದು ಮೆಲ್ಲಗೆ ಊದಿದಾಗ ಒಳಗೆಲ್ಲೋ ‘ಚಿಳ್’ ಎಂದು ಬಿಟ್ಟುಕೊಂಡಿತು. ಇನ್ನೊಂದು ಮಾರು, ಮತ್ತೆ ನೋವು, ಮತ್ತೆ ಊದು. ಹುಡುಗ ಬೆರಳು ಮಡಚಿ ಸೊನ್ನೆ ಮಾಡಿ ಕೇಳಿದ, ಸರಿಯಾ? ನಾನು ಅಭ್ಯಾಸಬಲದಿಂದ ಹೆಬ್ಬೆರಳು ಎತ್ತಿದೆ. ನೀರಿನಡಿಯಲ್ಲಿ ಅದಕ್ಕೆ ‘ಭಲೇ’ ಎಂಬ ಅರ್ಥವಿಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಆತ ನನ್ನನ್ನು ಮೇಲಕ್ಕೆ ಕರೆದೊಯ್ದ. ಎರಡನೆಯ ಸಲ ಇಳಿಯಬೇಕಾಯಿತು.

ಆರೇಳು ಮೀಟರಿನಲ್ಲಿ ಇದ್ದಕ್ಕಿದ್ದ ಹಾಗೆ ಚಳಿ ಹೊಡೆಯಿತು. ಮೇಲಿನ ನೀರು ಮೀಯಲು ಕಾಸಿಟ್ಟು ಆರಿದ ನೀರಿನಂತಿದ್ದರೆ, ಯಾರೋ ಗೆರೆ ಎಳೆದಂತೆ ಒಂದು ಕಡೆ ಅದು ಮುಗಿದು, ಕಾಲಿಗೆ ಬಾವಿಯ ನೀರು ತಾಗಿತು. ಮುಂಗಾರು ಬಿಟ್ಟುಹೋದ ಚಳಿ ಅದು. ಮಳೆಗಾಲದಲ್ಲಿ ನಮ್ಮ ಕರಾವಳಿಗುಂಟ ಬೀಸುವ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಹೊರಗಡಲಿಗೆ ಸರಿಸುತ್ತದೆ. ಖಾಲಿಯಾದ ಜಾಗಕ್ಕೆ ಅಡಿಯ ತಣ್ಣೀರು ಏರಿಬರುತ್ತದೆ. ಮೇ ತಿಂಗಳಲ್ಲಿ ಮೂವತ್ತು ಡಿಗ್ರಿ ಇದ್ದ ಕಡಲ ಮೈ ಜುಲೈ, ಆಗಸ್ಟಿಗೆ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಅಡಿಯಿಂದ ಬಂದ ನೀರಿನ ಜೊತೆ ತಳದಲ್ಲಿ ಕೊಳೆತು ಕರಗಿದ ಸಾರವೆಲ್ಲ ಬರುತ್ತದೆ, ಅದನ್ನು ತಿಂದು ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನಲು ಬೂತಾಯಿ, ಬಂಗುಡೆ. ಕಾಸರಗೋಡಿನ ಮೀನುಕಟ್ಟೆಯಲ್ಲಿ ಸೆಪ್ಟೆಂಬರಿನ ಬೂತಾಯಿಗೆ ಇರುವ ಕೊಬ್ಬು ಈ ಚಳಿಯ ಕೊಡುಗೆ.

‘ಮುಳುಗಿದವನಿಗೆ ಚಳಿಯೇನು, ಮಳೆಯೇನು’ ಎಂಬ ಗಾದೆಯನ್ನು ತರಗತಿಯಲ್ಲಿ ನೂರು ಸಲ ವಿವರಿಸಿದ್ದೇನೆ. ಎಲ್ಲ ಕಳೆದುಕೊಂಡವನಿಗೆ ಇನ್ನು ಯಾವ ಕಷ್ಟವೂ ತಾಗದು ಎಂದು. ಆವತ್ತು ಹಲ್ಲು ಕಡಿಯುತ್ತಾ ತೋಚಿತು, ಗಾದೆ ಕಟ್ಟಿದವನು ದಡದ ಮೇಲಿದ್ದ. ಮುಳುಗಿದವನಿಗೆ ಚಳಿ ಆಗುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಯ ಬಿಸಿ ಕದಿಯುತ್ತದೆ. ಚಳಿ ಆಗುತ್ತಿದೆ ಎಂಬುದೇ ಇನ್ನೂ ಬದುಕಿದ್ದೇನೆ ಎಂಬುದಕ್ಕೆ ಸಾಕ್ಷಿ.

ಹಡಗು ಹಡಗಿನಂತೆ ಕಾಣಲಿಲ್ಲ. ಸಿನಿಮಾದಲ್ಲಿ ಕಂಡ ಡೆಕ್ಕು, ಕಂಬ, ಕಿಟಕಿ ಏನೂ ಇಲ್ಲ. ಹಸಿರು ಮಬ್ಬಿನಲ್ಲಿ ಮೊದಲು ಒಂದು ನೆರಳು, ಆಮೇಲೆ ಪಕ್ಕೆಲುಬಿನಂಥ ಕಬ್ಬಿಣದ ಸಾಲು, ಮರಳಿನಲ್ಲಿ ಅರ್ಧ ಹೂತ ತಗಡು. ಹತ್ತಿರ ಹೋದಷ್ಟೂ ಕಬ್ಬಿಣ ಕಾಣೆಯಾಗುತ್ತಿತ್ತು. ಮುಟ್ಟಬಾರದು ಎಂದಿದ್ದರು, ಮುಟ್ಟಲು ಕಬ್ಬಿಣ ಇರಲೂ ಇಲ್ಲ. ಚಿಪ್ಪಿನ ಮೇಲೆ ಚಿಪ್ಪು, ಅದರ ಮೇಲೆ ಸ್ಪಂಜು, ಅದರ ಮೇಲೆ ಕೂದಲಿನಂಥ ಪಾಚಿ. ನನ್ನ ಕಣ್ಣಿನ ನೇರಕ್ಕೆ ಅಂಗೈಯಗಲದ ಒಂದು ತೂತು, ಒಂದು ಕಾಲದಲ್ಲಿ ಬೋಲ್ಟು ಕೂತಿದ್ದ ಜಾಗವಿರಬೇಕು. ಅದರೊಳಗಿಂದ ಕಿರುಬೆರಳಿನಷ್ಟು ಮೀನೊಂದು ಮುಖ ಹೊರಗಿಟ್ಟು ನೋಡುತ್ತಿತ್ತು. ನಾನು ಉಸಿರು ಬಿಟ್ಟಾಗ ಗುಳ್ಳೆಗಳ ಸದ್ದಿಗೆ ಒಳಗೆ ಹೋಗುವುದು, ಎಳೆದುಕೊಳ್ಳುವಾಗ ಮತ್ತೆ ಬರುವುದು. ನನ್ನ ಉಸಿರಿಗೆ ಇಷ್ಟು ಪ್ರಾಮಾಣಿಕವಾಗಿ ತಾಳ ಹಾಕಿದವರು ಯಾರೂ ಇಲ್ಲ. ಮಧೂರಿನಲ್ಲಿ ಕಟ್ಟಿಸಿಕೊಂಡ ಕೈಯ ಕೆಂಪು ದಾರವನ್ನು ನೋಡಿದೆ. ಅದು ಕಂದುಗಪ್ಪಾಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನೇ.

ಇಷ್ಟೊಂದು ಜೀವ ಅಲ್ಲಿ ಸೇರಲು ಕಾರಣ ಹಡಗಿನ ಮಹಿಮೆಯಲ್ಲ, ಜಾಗದ ಬರ. ನಮ್ಮ ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ನೀಲಿಕಲ್ಲು ಬೆಳೆಸುವವರಿಗೆ ಇದು ಗೊತ್ತು. ಮರಿಗಳನ್ನು ಹಗ್ಗಕ್ಕೆ ಸುತ್ತಿ ಕಟ್ಟಿ ನೀರಿಗೆ ಇಳಿಬಿಟ್ಟರೆ ಕೆಲವು ತಿಂಗಳಲ್ಲಿ ಹಗ್ಗ ತೊಡೆಯಷ್ಟು ದಪ್ಪವಾಗುತ್ತದೆ. ಕಡಲಿನಲ್ಲಿ ತೇಲುವ ಕೋಟಿ ಮರಿಗಳಿಗೆ ಬೇಕಾದದ್ದು ಹಿಡಿದು ಕೂರಲು ಒಂದು ಗಟ್ಟಿ ಜಾಗ. ಮರಳಿನ ತಳದಲ್ಲಿ ಅದೇ ಸಿಗದು. ಅಲ್ಲಿಗೆ ಒಂದು ಕಬ್ಬಿಣ ಬಿದ್ದರೆ, ಅದು ರಾಜಕುಮಾರಿಯ ಹೆಸರಿನ ಹಡಗೋ ತುಕ್ಕು ಹಿಡಿದ ಡ್ರೆಜ್ಜರೋ ಎಂದು ಯಾರು ಕೇಳುತ್ತಾರೆ?

ಇಲ್ಲಿ ನಿಲ್ಲಿಸಿದ್ದರೆ ಚಂದದ ಪ್ರಬಂಧವಾಗುತ್ತಿತ್ತು. ದುರಂತವನ್ನು ಕಡಲು ತೋಟ ಮಾಡಿತು ಎಂದು. ದೋಣಿಗೆ ಮರಳಿದಾಗ ಪಕ್ಕದ ಪ್ರವಾಸಿಯೊಬ್ಬರು ಹಾಗೆಯೇ ಅಂದರು, ನಾನೂ ತಲೆಯಾಡಿಸಿದೆ. ಆದರೆ ಆ ಮಾತಿನಲ್ಲಿ ನನಗೀಗ ನಂಬಿಕೆ ಕಡಿಮೆ. 2025ರ ಮೇ 25ರಂದು ಕೊಚ್ಚಿಯ ಆಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. ಆರುನೂರಕ್ಕೂ ಹೆಚ್ಚು ಕಂಟೇನರುಗಳು, ಕೆಲವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಹರಳುಗಳು ಕೊಲ್ಲಂ, ತಿರುವನಂತಪುರದ ಕರೆಗೆ ಬಂದು ಬಿದ್ದು, ಜನ ಮರಳನ್ನು ಜರಡಿ ಹಿಡಿದರು. ಮೀನಿಗೆ ವಿಷ ತಾಗಿರಬಹುದೆಂಬ ಭಯಕ್ಕೆ ಕೊಳ್ಳುವವರು ಹಿಂಜರಿದರು. ಅದು ಯಾರ ತೋಟ? ಸೂಜೀಸ್ ರೆಕ್ಕಿನಂಥ ಹಳೆಯ ಕಬ್ಬಿಣ ಒಳ್ಳೆಯ ಮನೆಯಾಗುವುದು, ಹಡಗುಗಳು ಇಷ್ಟು ಕೊಳೆ ಹೊರುವ ಕಾಲಕ್ಕೆ ಮುಂಚೆ ಅದು ಮುಳುಗಿತ್ತು ಎಂಬ ಕಾರಣಕ್ಕೂ ಇರಬಹುದು.

ಈಗ ಕೈರಳಿ. ಕೇರಳ ಶಿಪ್ಪಿಂಗ್ ಕಾರ್ಪೊರೇಷನ್ನಿನ ಆ ಹಡಗು 1979ರ ಜೂನ್ 30ರಂದು ಇದೇ ಮುರ್ಮಗೋವಾದಿಂದ, ಇಪ್ಪತ್ತು ಸಾವಿರ ಟನ್ನಿನಷ್ಟು ಕಬ್ಬಿಣದ ಅದಿರು ತುಂಬಿಕೊಂಡು, ಜಿಬೂತಿಯ ಮೂಲಕ ಪೂರ್ವ ಜರ್ಮನಿಯ ರೋಸ್ಟಾಕ್‌ಗೆ ಹೊರಟಿತು. ಮುಂಗಾರಿನ ನಡುಗಾಲ. ಜುಲೈ 3ರ ನಂತರ ಸುದ್ದಿಯಿಲ್ಲ. ಐವತ್ತರ ಹತ್ತಿರ ಜನ. ಒಂದು ಹಲಗೆ, ಒಂದು ಜೀವರಕ್ಷಕ ಬಳೆ, ಎಣ್ಣೆಯ ಒಂದು ಕಲೆ ಕೂಡ ಸಿಗಲಿಲ್ಲ. ಅದಿರಿನ ಹಡಗುಗಳ ಒಂದು ಕೆಟ್ಟ ಗುಣ ಆಮೇಲೆ ಲೋಕಕ್ಕೆ ಚೆನ್ನಾಗಿ ತಿಳಿಯಿತು. ಮಳೆಯಲ್ಲಿ ನೆನೆದ ಅದಿರಿನ ಪುಡಿ ಮೇಲೆ ಒಣಗಿದಂತೆ ಕಾಣುತ್ತದೆ; ಹಡಗು ನಡುಗುತ್ತಾ ಹೋದಂತೆ ಒಳಗಿನ ನೀರು ಬಿಡಿಸಿಕೊಂಡು, ಗಟ್ಟಿ ರಾಶಿ ಗಂಜಿಯಾಗಿ ಒಂದು ಬದಿಗೆ ಹರಿಯುತ್ತದೆ. ಹಾಗೆಯೇ 2009ರ ಜುಲೈಯಲ್ಲಿ ಮಂಗಳೂರಿನ ಆಚೆ ‘ಏಷಿಯನ್ ಫಾರೆಸ್ಟ್’ ಮಗುಚಿತು. ಕೈರಳಿಗೂ ಇದೇ ಆಯಿತೇ ಎಂದು ಹೇಳಲು ಹಡಗೇ ಇಲ್ಲವಲ್ಲ. ಹಾಗಾಗಿ ಮನೆಯವರು ಕಾದರು. ಅಪಹರಣವಾಗಿರಬಹುದು, ಯಾವುದೋ ದೇಶದ ಜೈಲಿನಲ್ಲಿರಬಹುದು ಎಂದು ವರ್ಷಗಟ್ಟಲೆ ನಂಬಿದವರಿದ್ದರು.

ಹಾಗಾದರೆ ನಾನು ಇಳಿದು ನೋಡಿದ್ದೇನು? ಒಂದು ಕಡೆ ಕಬ್ಬಿಣ ಉಂಟು, ಅಳುವವರು ಯಾರೂ ಉಳಿದಿಲ್ಲ. ಇನ್ನೊಂದು ಕಡೆ ಅಳುವವರು ಇದ್ದರು, ತೋರಿಸಲು ಕಬ್ಬಿಣ ಸಿಗಲಿಲ್ಲ. ಎರಡರ ನಡುವೆ ನಾನು ರಬ್ಬರಿನ ಅಂಗಿ ತೊಟ್ಟು, ಹಿಂದಿನ ಪ್ರವಾಸಿ ಉಗುಳಿ ಉಜ್ಜಿದ ಕನ್ನಡಕ ಹಾಕಿಕೊಂಡು ತೇಲುತ್ತಿದ್ದೆ.

ನಮ್ಮ ಕರಾವಳಿಯವರಿಗೆ ‘ಸುವರ್ಣ ತ್ರಿಭುಜ’ ಇನ್ನೂ ಹಸಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಬೋಟು, ಏಳು ಮಂದಿ. ತಿಂಗಳುಗಟ್ಟಲೆ ಹುಡುಕಾಟ, ಹೆದ್ದಾರಿ ತಡೆ, ದರ್ಶನಪಾತ್ರಿಗಳ ಮುಂದೆ ಕೈಮುಗಿದು ಕೇಳಿದ ಪ್ರಶ್ನೆಗಳು. ಮರುವರ್ಷ ಮೇ ತಿಂಗಳ ಮೊದಲಿಗೆ ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು ಅರುವತ್ತು ಮೀಟರ್ ಆಳದಲ್ಲಿ, ನೌಕಾಪಡೆಯ ‘ನಿರೀಕ್ಷಕ್’ ಹಡಗಿನ ಮುಳುಗುಗಾರರು ಅದರ ಅವಶೇಷ ಕಂಡರು. ಅವರೂ ಇದೇ ಗಾಳಿಯ ವಿದ್ಯೆ ಕಲಿತು ಇಳಿದವರೇ. ಅವರು ನೋಡಿದ್ದೂ ಮರಳಿನ ಮೇಲಿನ ಹಡಗೇ. ಅಲ್ಲಿಗೆ ಯಾರಾದರೂ ನಾಳೆ ಪ್ರವಾಸಿಗಳನ್ನು ಕರೆದೊಯ್ದರೆ ಮಲ್ಪೆ ಸುಮ್ಮನಿದ್ದೀತೇ? ಆಳ ಅರುವತ್ತು ಮೀಟರ್ ಎಂಬುದು ಅದಕ್ಕೆ ಕಾರಣವಲ್ಲ. ವರ್ಷದ ಲೆಕ್ಕವೂ ಅಲ್ಲ. ದಡದಲ್ಲಿ ಕಾಯುವ ಕಣ್ಣು ಒಂದಾದರೂ ಇರುವವರೆಗೆ ಅದು ಹೆಣವಿರುವ ಮನೆ. ಆ ಕಣ್ಣು ಮುಚ್ಚಿದ ಮರುದಿನದಿಂದ ನೋಟ. ಹುಡುಗ ಹೇಳಿದ ಹತ್ತು ವರ್ಷಕ್ಕೆ ಉತ್ತರ ಅಷ್ಟೇ ಎಂದುಕೊಂಡೆ.

ನೆಲದ ಮೇಲೂ ನಾವು ಮಾಡುವುದು ಅದನ್ನೇ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಎನ್ನುವ ಬೇಕಲ ಕೋಟೆಗೆ ಮದುವೆಯ ಫೋಟೋ ತೆಗೆಸಲು ಹೋಗುತ್ತೇವೆ. ಕಡಲಿಗೆ ಚಾಚಿದ ಆ ಕೊತ್ತಳದ ಮೇಲೆ ‘ಬಾಂಬೆ’ ಸಿನಿಮಾದ ಹಾಡು ತೆಗೆದ ಮೇಲಂತೂ ಅಲ್ಲಿ ಕಾವಲು ನಿಂತವನ ನೆನಪು ಯಾರಿಗೂ ಇಲ್ಲ. ತಪ್ಪು ಎನ್ನುತ್ತಿಲ್ಲ. ನಾನೂ ಫೋಟೋ ತೆಗೆಸಿಕೊಂಡವನೇ.

ಊರಿಗೆ ಮರಳಿದ ಎರಡನೆಯ ದಿನ ಅಣ್ಣ ಮನೆಯ ಹಿಂದಿನ ತೋಟದಲ್ಲಿ ಸಿಕ್ಕಿದರು. ಕಾಯಿ ಕೊಯ್ದ ಮೇಲೆ ಉಳಿಯುವ ಒಣ ತೆಂಗಿನ ಗೊನೆಗಳನ್ನು ರಾಶಿ ಹಾಕಿ, ನಾಲ್ಕೈದನ್ನು ಒಟ್ಟಿಗೆ ಸೇರಿಸಿ ನೈಲಾನ್ ಹಗ್ಗದಿಂದ ಬಿಗಿಯುತ್ತಿದ್ದರು. ಮರಳು ತುಂಬಿದ ಚೀಲ ಕಟ್ಟಿ ಇವನ್ನು ಕಡಲಿನ ತಳಕ್ಕೆ ಇಳಿಸುತ್ತಾರೆ. ಮೊಟ್ಟೆಯಿಡಲು ಆಸರೆ ಹುಡುಕುವ ಕಪ್ಪೆ ಬೊಂಡಾಸ್ ಅಲ್ಲಿಗೆ ಬರುತ್ತದೆ, ಕಪ್ಪು ದ್ರಾಕ್ಷಿಯಂಥ ಮೊಟ್ಟೆಗಳನ್ನು ಗೊನೆಯ ಕಡ್ಡಿಗಳಿಗೆ ಅಂಟಿಸುತ್ತದೆ. ತಾಯಂದಿರನ್ನೇ ಗಾಳ ಹಾಕಿ ಎಳೆಯುವ ಈ ಪದ್ಧತಿಯ ಬಗ್ಗೆ ಬೋಟಿನವರಿಗೂ ದೋಣಿಯವರಿಗೂ ಜಗಳ ನಡೆಯುತ್ತಲೇ ಇದೆ. ಕೇಳಿದರೆ ಅಣ್ಣ ಎರಡೂ ಕಡೆಯ ನ್ಯಾಯ ಹೇಳುತ್ತಾರೆ, ಕೈ ಮಾತ್ರ ಗಂಟು ಹಾಕುತ್ತಿರುತ್ತದೆ.

“ಕೆಳಗೆ ಏನುಂಟು ಮಾಷ್ಟ್ರೇ?”

ಹೇಳಿದೆ. ಚಳಿ, ಚಿಪ್ಪು, ತೂತಿನ ಮೀನು, ತಗಡಿನ ಅಡಿಯಲ್ಲಿ ಬಾಯಿ ತೆರೆದು ಕೂತಿದ್ದ ದೊಡ್ಡ ಮುರು. ಮುರುವಿನ ತೂಕ ಕೇಳಿದರು, ಅಂದಾಜು ಹೇಳಿದೆ, ನಂಬಲಿಲ್ಲ.

“ಬಲೆ ಇತ್ತಾ?”

ಇತ್ತು. ಹಡಗಿನ ಒಂದು ತುದಿಗೆ ಸುತ್ತಿಕೊಂಡು, ಹರಿದು, ನೀರಿನ ಸೆಳೆತಕ್ಕೆ ಮೆಲ್ಲಗೆ ಆಡುತ್ತಾ, ಪಾಚಿ ಹಿಡಿದು ಹಡಗಿನದೇ ಭಾಗ ಎನ್ನುವ ಹಾಗಿತ್ತು. ಒಳಗೊಂದು ಏಡಿ ಸಿಕ್ಕಿಕೊಂಡು ಒಣಗಿದ ಹಾಗೆ ಕಂಡಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೆಂದು ತೋಚಿರಲೂ ಇಲ್ಲ.

ಅಣ್ಣ ಹಗ್ಗ ಕೆಳಗಿಟ್ಟರು.

“ಕಣ್ಣು ಎಷ್ಟು ದೊಡ್ಡದು?” ಎರಡು ಬೆರಳು ಜೋಡಿಸಿ ಹಿಡಿದರು. “ಇಷ್ಟು ಹೋಗುವಂಥದ್ದಾ?” ಆಮೇಲೆ ನಾಲ್ಕು ಬೆರಳು. “ಇಷ್ಟಾ? ನೂಲು ದಪ್ಪವಾ, ಸಪೂರವಾ? ಬಣ್ಣ?”

ನೀರಿನಡಿಯಲ್ಲಿ ಬಣ್ಣ ತಿಳಿಯುವುದಿಲ್ಲ ಅಂದೆ. ಕಣ್ಣಿನ ಅಳತೆ ನಾನು ನೋಡಿರಲಿಲ್ಲ. ನಾಲ್ಕು ಬೆರಳನ್ನು ಅವರು ಹಾಗೆಯೇ ಸ್ವಲ್ಪ ಹೊತ್ತು ಎತ್ತಿ ಹಿಡಿದಿದ್ದರು, ನಾನು ಇನ್ನೊಮ್ಮೆ ಯೋಚಿಸಿ ಹೇಳಿಯೇನು ಎಂಬಂತೆ.